ಅವಳು ಆರಿಸಿದ ಕಾಯಿ, ನಾನು ಆರಿಸಿದ ಹಿಟ್ಟು

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ನನ್ನ ಗಾಲಿ ಚೀಲವನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಸಾಕು, ಎರಡು ಮಹಡಿ ಮೇಲಿನಿಂದ ಗೆಳತಿಯ ಗಾಲಿ ಚೀಲ ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತ ಇಳಿಯುವ ಸದ್ದು ಕೇಳಿಸುತ್ತಿತ್ತು. ನಡುವಿನ ಮಹಡಿಯ ಜರ್ಮನ್ ಅಜ್ಜಿ ಬಾಗಿಲು ಸರಿಸಿ ಇಣುಕುವಳು. ಗೆಳತಿ ಅವಳಿಗೆ ನಗುತ್ತ “ಗುಟೆನ್ ಮೋರ್ಗೆನ್” ಅಂದು, ನನ್ನ ಹತ್ತಿರ ಬಂದವಳೇ, “ಅಜ್ಜಿ ಎದ್ದಿದೆ ಕಣ್ರೀ, ಇನ್ನು ಬೀದಿಯೆಲ್ಲ ಎದ್ದ ಹಾಗೆ. ನಡೀರಿ,” ಅನ್ನುವಳು. ಜರ್ಮನಿಯ ಈ ಫೊಯರ್‌ಬಾಕ್‌ಗೆ ನಾವು ಬಂದು ಮನೆ ಹೂಡಿದ ಮೇಲೆ ಇಷ್ಟು ನಿಯಮಿತವಾಗಿ ನಡೆದುಕೊಂಡು ಬಂದದ್ದು ಇನ್ನೊಂದಿಲ್ಲ. ಹಬ್ಬಗಳಾದರೂ ತಪ್ಪಿವೆ, ನಮ್ಮ ಶನಿವಾರ ತಪ್ಪಿರಲಿಲ್ಲ.

ನಾನು ಧಾರವಾಡದ ಕಡೆಯವಳು, ಅವಳು ಮೈಸೂರಿನವಳು. ನನ್ನ ಯಜಮಾನರು ಇಲ್ಲಿನ ದೊಡ್ಡ ಕಾರ್ಖಾನೆಯಲ್ಲಿ ಎಂಜಿನಿಯರು, ಅವಳ ಗಂಡ ಕಂಪ್ಯೂಟರ್ ಕಂಪನಿಯವನು. ಗಂಡಸರಿಬ್ಬರಿಗೂ ಕ್ರಿಕೆಟ್ಟಿನ ಸ್ಕೋರು ಬಿಟ್ಟರೆ ಆಡಲು ಮಾತಿಲ್ಲ. ನಮಗೆ ಮಾತ್ರ ಎಸ್-ಬಾನ್ ರೈಲು ಹತ್ತಿ ಊರ ನಡುವಿನ ನಮ್ಮ ಕಡೆಯ ಸಾಮಾನಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಒಂದು ವಾರದ ಮಾತು ಮುಗಿಯುತ್ತಿರಲಿಲ್ಲ.

ಆ ಕಾಲದಲ್ಲಿ ಮನೆಯಲ್ಲಿ ಏನು ಅಡಿಗೆ ಎಂಬುದನ್ನು ಗೊತ್ತುಮಾಡುತ್ತಿದ್ದುದು ನಮ್ಮ ರಟ್ಟೆ. ಅಕ್ಕಿ ತಂದ ವಾರ ಹಿಟ್ಟು ತರುವಂತಿರಲಿಲ್ಲ. ಹಿಟ್ಟು ತಂದ ವಾರ ಬೆಲ್ಲ ಮುಂದಕ್ಕೆ ಹೋಗುತ್ತಿತ್ತು. ನಿಲ್ದಾಣದ ಲಿಫ್ಟ್ ಕೆಟ್ಟಿದೆ ಎಂದು ಗೊತ್ತಾದರೆ ಅವತ್ತು ಚೀಲಕ್ಕೆ ಬೀಳುತ್ತಿದ್ದುದು ಅವಲಕ್ಕಿ, ಹಪ್ಪಳ, ಸೊಪ್ಪು, ಇಂಥ ಹಗುರ ಸಾಮಾನು. ಆ ವಾರವಿಡೀ ಎರಡೂ ಮನೆಯಲ್ಲಿ ಒಗ್ಗರಣೆ ಅವಲಕ್ಕಿಯ ವಾಸನೆ. “ಲಿಫ್ಟ್ ಕೆಟ್ಟದ ಏನು?” ಎಂದು ನಮ್ಮವರು ತಟ್ಟೆ ನೋಡಿಯೇ ಕೇಳುತ್ತಿದ್ದರು.

ಅಂಗಡಿಯಲ್ಲಿ ನಮ್ಮದೊಂದು ಪದ್ಧತಿ ಇತ್ತು. ತೆಂಗಿನಕಾಯಿ ಆರಿಸುವುದು ಅವಳ ಕೆಲಸ. ಒಂದೊಂದನ್ನೇ ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಅಲ್ಲಾಡಿಸಿ ಕೇಳುವಳು. ಅಂಗಡಿಯವನು ಸಿಲೋನಿನ ತಮಿಳಿನವನು, ನಗುವವನು. “ಅಮ್ಮಾ, ಇದು ಫೋನ್ ಅಲ್ಲ,” ಅನ್ನುವನು. ಅವಳು ಕಣ್ಣು ಬಿಡದೆ, “ಸುಮ್ನಿರಪ್ಪ, ಆ ಕಡೆಯಿಂದ ಮಾತಾಡ್ತಿದಾರೆ,” ಅನ್ನುವಳು. ಅವಳು ಆರಿಸಿಕೊಟ್ಟ ಕಾಯಿ ನನ್ನ ಮನೆಯಲ್ಲಿ ಒಂದೂ ಕೆಟ್ಟದ್ದಿಲ್ಲ. ಜೋಳದ ಹಿಟ್ಟು ನನ್ನ ಪಾಲು. ಅವಳ ಗಂಡನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಅವಳ ಮನೆಯಲ್ಲೂ ರೊಟ್ಟಿ ಶುರುವಾಗಿತ್ತು. ಅಂಗಡಿಯವನು ನನಗಾಗಿ ಹಿಟ್ಟಿನ ದೊಡ್ಡ ಚೀಲದ ಬಾಯಿ ಬಿಚ್ಚುತ್ತಿದ್ದ. ಚಿಟಿಕೆ ನಾಲಗೆಗೆ ಹಾಕಿಕೊಂಡರೆ ನನಗೆ ತಿಳಿಯುತ್ತದೆ: ಹಳೆಯದಾದರೆ ಕೊನೆಗೊಂದು ಕಹಿ ಬರುತ್ತದೆ, ಅಂಥದರಲ್ಲಿ ಜಿಗಿ ಇರುವುದಿಲ್ಲ, ಬಡಿಯುವಾಗ ರೊಟ್ಟಿ ಅಂಚಿನಿಂದ ಸೀಳುತ್ತದೆ. ನಾನು ತಲೆಯಾಡಿಸಿದರೆ ಅವಳು ಕೊಳ್ಳುವಳು, ಇಲ್ಲವಾದರೆ ಇಲ್ಲ. ನನ್ನ ಚೀಲದಲ್ಲಿ ಅವಳ ಕಿವಿ, ಅವಳ ಚೀಲದಲ್ಲಿ ನನ್ನ ನಾಲಗೆ. ಇದನ್ನು ಗೆಳೆತನ ಎಂದು ನಾವು ಕರೆದಿರಲಿಲ್ಲ, ಸಾಮಾನು ತರುವುದು ಎಂದೇ ಕರೆಯುತ್ತಿದ್ದೆವು.

ಕಳೆದ ವರ್ಷ ವಸಂತದಲ್ಲಿ ನಮ್ಮ ಕಟ್ಟಡದ ಅಟ್ಟದ ಮನೆಗೆ ಬೆಂಗಳೂರಿನ ಹುಡುಗಿಯೊಬ್ಬಳು ಬಂದಳು. ಮದುವೆಯಾಗಿದೆ. ಗಂಡ ವಾರದ ದಿನಗಳಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ, ಇವಳು ಮನೆಯಿಂದಲೇ ಲ್ಯಾಪ್‌ಟಾಪಿನ ಮುಂದೆ. ಚುರುಕು, ಹಸನ್ಮುಖಿ. ಮೆಟ್ಟಿಲು ಗುಡಿಸುವ ಸರದಿಯ ವಾರದಲ್ಲಿ ಅಜ್ಜಿಗಿಂತ ಚೆನ್ನಾಗಿ ಗುಡಿಸಿ ಅಜ್ಜಿಯ ಬಾಯಿ ಮುಚ್ಚಿಸಿದವಳು. ಅವಳಲ್ಲಿ ನಾನು ತಪ್ಪು ಹುಡುಕಿದ್ದೇನೆ, ಸುಲಭಕ್ಕೆ ಸಿಗುವುದಿಲ್ಲ. ಮೊದಲ ದಿನ ಪರಿಚಯಕ್ಕೆಂದು ಕೆಳಗೆ ಬಂದಾಗ ಗೆಳತಿಯೂ ನನ್ನ ಮನೆಯಲ್ಲೇ ಇದ್ದಳು. ಹುಡುಗಿ ಅವಳಿಗೆ “ಅಕ್ಕಾ” ಅಂದಳು. ನನ್ನ ಕಡೆ ತಿರುಗಿ “ಆಂಟಿ” ಅಂದಳು. ನಾವಿಬ್ಬರೂ ಒಂದೇ ವಯಸ್ಸಿನವರು. ಬೇಕಾದರೆ ಗೆಳತಿಯೇ ನನಗಿಂತ ಕೆಲವು ತಿಂಗಳು ಹಿರಿಯಳು. ಅವಳು ಕೂದಲಿಗೆ ಬಣ್ಣ ಹಾಕುತ್ತಾಳೆ, ನಾನು ಹಾಕುವುದಿಲ್ಲ, ಅಷ್ಟೇ ವ್ಯತ್ಯಾಸ. ಗೆಳತಿ ತುಟಿ ಕಚ್ಚಿ ನಗು ತಡೆದುಕೊಂಡದ್ದನ್ನು ನಾನು ನೋಡಿದೆ.

ಆಮೇಲೊಂದು ಶನಿವಾರ ನಾನು ಚೀಲ ಹೊರಗಿಟ್ಟು ಕಾದೆ. ಮೇಲಿನಿಂದ ಸದ್ದು ಬರಲಿಲ್ಲ. ಹತ್ತಿ ಹೋಗಿ ಬೆಲ್ ಒತ್ತಿದರೆ ಗೆಳತಿ ನೈಟಿಯಲ್ಲೇ ಬಾಗಿಲು ತೆರೆದಳು, ಕೈಯಲ್ಲಿ ಕಾಫಿ.

“ಅಯ್ಯೋ, ನಿಮಗೆ ಮೆಸೇಜ್ ಹಾಕೋಣ ಅಂದ್ಕೊಂಡೆ ಕಣ್ರೀ, ಮರೆತೇ ಹೋಯ್ತು. ಇವತ್ತು ನಾನು ಬರ್ತಿಲ್ಲ, ಸಾಮಾನೇ ಬರ್ತಿದೆ.”

“ಎಲ್ಲಿಂದ?”

“ಆನ್‌ಲೈನು. ಮೇಲಿನ ಹುಡುಗಿ ತರಿಸ್ತಾಳೆ, ಅವಳ ಜೊತೆ ನಂದೂ ಸೇರಿಸಿದೆ. ಇಬ್ಬರದೂ ಸೇರಿದ್ರೆ ಡೆಲಿವರಿ ಫ್ರೀ ಅಂತೆ. ಅಕ್ಕಿ ಮೂಟೆ ಬಾಗಿಲಿಗೇ ತಂದಿಡ್ತಾರಂತೆ ಕಣ್ರೀ, ಮೂಟೆ!”

“ಛಲೋ ಆತು ಬಿಡ್ರಿ,” ಅಂದೆ. ಒಬ್ಬಳೇ ಹೋದೆ. ರೈಲಿನಲ್ಲಿ ಎದುರಿನ ಸೀಟಿನ ಮೇಲೆ ಯಾರೋ ಓದಿ ಬಿಟ್ಟ ಪತ್ರಿಕೆ ಇತ್ತು, ಅದನ್ನೇ ನೋಡುತ್ತ ಕೂತೆ. ಅಂಗಡಿಯವನು “ಫೋನ್ ಅಮ್ಮ ಎಲ್ಲಿ?” ಎಂದು ಕೇಳಿದ. ಹುಷಾರಿಲ್ಲ ಎಂದೆ. ನಾನೇ ಅಲ್ಲಾಡಿಸಿ ತಂದ ಕಾಯಿ ಒಡೆದರೆ ಒಳಗೆ ಸೋಪಿನ ವಾಸನೆ.

ಒಂದು ಸಲದ ಮಾತಾಗಿದ್ದರೆ ನಾನೂ ಮರೆಯುತ್ತಿದ್ದೆ. ಅದೇ ರೂಢಿಯಾಯಿತು. ಅವಳ ಮನೆಗೆ ನಾನು ಹೋಗುವುದು ನಿಲ್ಲಲಿಲ್ಲ. ಆದರೆ ಹೋದಾಗಲೆಲ್ಲ ನನ್ನ ಕಣ್ಣು ಅವಳ ಮುಖಕ್ಕಿಂತ ಮೊದಲು ಅವಳ ಕಪಾಟಿನ ಮೇಲೆ ಬೀಳತೊಡಗಿತು. ಹೊಟ್ಟೆಕಿಚ್ಚಿನವರಿಗೆ ಕಣ್ಣು ಬಹಳ ಚುರುಕು. ಆ ಕಪಾಟು ತಿಂಗಳು ತಿಂಗಳಿಗೂ ಹೇಗೆ ಬದಲಾಯಿತೆಂದು ನಾನು ಹೇಳಬಲ್ಲೆ.

ಮೊದಲು ಹೋದದ್ದು ತೆಂಗಿನಕಾಯಿ. ಪೆಟ್ಟಿಗೆಯಲ್ಲಿ ಬರುವಷ್ಟರಲ್ಲಿ ಒಡೆಯುತ್ತದೆಂದು ಅದನ್ನು ಬಿಟ್ಟು ತುರಿದು ಹೆಪ್ಪುಗಟ್ಟಿಸಿದ ಪೊಟ್ಟಣ ತರಿಸಿದಳು. ಆಮೇಲೆ ಮೆಂತ್ಯಸೊಪ್ಪು. ಅದು ಬರುವಾಗ ಬಾಡಿರುತ್ತದೆ, ಆದ್ದರಿಂದ ಒಣಗಿಸಿದ ಕಸೂರಿ ಮೇಥಿ. ಬೆಂಡೆಕಾಯಿ ತುದಿ ಮುರಿದು ನೋಡದೆ ಕೊಳ್ಳುವುದು ಹೇಗೆ? ಕತ್ತರಿಸಿ ಹೆಪ್ಪುಗಟ್ಟಿಸಿದ್ದು ಬಂತು. ಶುಂಠಿ ಹೋಗಿ ಶುಂಠಿ ಪೇಸ್ಟು ಬಂತು. ನಾನು ಯೋಚಿಸಿ ನೋಡಿದೆ: ಮೂಸಬೇಕಾದದ್ದು, ಮುರಿಯಬೇಕಾದದ್ದು, ಅಲ್ಲಾಡಿಸಬೇಕಾದದ್ದು, ಒಟ್ಟಿನಲ್ಲಿ ಆರಿಸಬೇಕಾದದ್ದೆಲ್ಲ ಒಂದೊಂದಾಗಿ ಅವಳ ಅಡಿಗೆಮನೆಯಿಂದ ಹೊರಗೆ ಹೋಗುತ್ತಿತ್ತು. ಯಾರು ಆರಿಸಿದರೂ ಒಂದೇ ಆಗಿರುವ ಸಾಮಾನು ಮಾತ್ರ ಒಳಗೆ ಬರುತ್ತಿತ್ತು. ಅವಳು ಬದಲಾಗಿದ್ದಾಳೆ ಎಂದು ನನಗೆ ಅನ್ನಿಸಲಿಲ್ಲ. ಮೊದಲು ಭಾರ ನೋಡಿ ಕೊಳ್ಳುತ್ತಿದ್ದಳು, ಈಗ ಪೆಟ್ಟಿಗೆಗೆ ಒಗ್ಗುವುದನ್ನು ನೋಡಿ ಕೊಳ್ಳುತ್ತಿದ್ದಳು. ಬೇಕು ಅನ್ನುವುದು ಎರಡು ಸಲವೂ ಕೊನೆಗೇ ಬರುತ್ತಿತ್ತು.

ಇನ್ನು ಆ ಫ್ರೀ ಡೆಲಿವರಿ. ಅದಕ್ಕೊಂದು ಗಡಿ ಇದೆ, ಅಷ್ಟರ ಸಾಮಾನು ಆಗಲೇಬೇಕು. ಒಂದು ಸಂಜೆ ಇಬ್ಬರೂ ಸೋಫಾದ ಮೇಲೆ ಒಂದೇ ಫೋನಿಗೆ ತಲೆ ತಾಗಿಸಿ ಕೂತಿದ್ದರು. ರೊಟ್ಟಿ ಕೊಡಲು ಹೋದ ನಾನು ಎದುರಿನ ಕುರ್ಚಿಯಲ್ಲಿ.

“ಅಕ್ಕಾ, ಇನ್ನು ಸ್ವಲ್ಪನೇ ಶಾರ್ಟು. ಏನಾದ್ರೂ ಒಂದು ಹಾಕಿ.”

“ಏನೂ ಬೇಡ್ವಲ್ಲೇ.”

“ಪಾನಿಪೂರಿ ಕಿಟ್ ಹಾಕ್ಲಾ? ಹುಣಸೆ ಕ್ಯಾಂಡಿ? ಸೂಪರ್ ಆಗಿರುತ್ತೆ, ಟ್ರಸ್ಟ್ ಮಿ.”

“ಹಾಕು ಹಾಕು. ಎರಡೂ ಹಾಕು.”

ಬೆಲೆ ಕೇಳಿ ಕೇಳಿ ಏಲಕ್ಕಿ ಪೊಟ್ಟಣವನ್ನು ವಾಪಸ್ ಇಡುತ್ತಿದ್ದ ಹೆಂಗಸು ಇವಳೇನಾ ಎಂದು ನೋಡಿದೆ. ಹುಡುಗಿ ತಲೆಯೆತ್ತಿ, “ಆಂಟಿ, ನಿಮಗೂ ಏನಾದ್ರೂ ಬೇಕಾ? ಆ್ಯಡ್ ಮಾಡ್ಲಾ?” ಎಂದಳು. ಪ್ರೀತಿಯಿಂದಲೇ ಕೇಳಿದಳು. ನಾನು, “ನಂದೆಲ್ಲಾ ಅದ,” ಅಂದೆ. ಮನೆಯಲ್ಲಿ ಅವತ್ತು ಬೇಳೆ ತಳ ಕಂಡಿತ್ತು. ಅವರ ಗಡಿ ಮುಟ್ಟಿಸಲು ಉಳಿದ ಚಿಲ್ಲರೆಯಾಗಿ ಸೇರಲು ನನಗೆ ಮನಸ್ಸಿರಲಿಲ್ಲ.

ನನ್ನನ್ನು ಚುಚ್ಚಿದ್ದು ಇನ್ನೊಂದು ಸಂಗತಿ. ನೆಲಮಹಡಿಯವಳು, ಸದಾ ಮನೆಯಲ್ಲಿರುವವಳು ಎಂದು ಈ ಕಟ್ಟಡದ ಪಾರ್ಸೆಲ್ಲುಗಳೆಲ್ಲ ನನ್ನ ಕೈಗೆ ಬರುತ್ತಿದ್ದವು. ಅಜ್ಜಿಯ ಔಷಧ, ಗೆಳತಿಯ ಮಗನ ಬೂಟು, ಎಲ್ಲ ನನ್ನ ಪ್ಯಾಸೇಜಿನಲ್ಲಿ. ಸಂಜೆ ಬಂದು ತೆಗೆದುಕೊಂಡು ಹೋಗುವಾಗ ಗೆಳತಿ ಕೂತು ಚಹಾ ಕುಡಿಯುವಳು. ಒಂದು ಮಧ್ಯಾಹ್ನ ಡೆಲಿವರಿಯವನು ದೊಡ್ಡ ಪೆಟ್ಟಿಗೆ ಹೊತ್ತು ನನ್ನ ಬಾಗಿಲು ದಾಟಿ ಮೆಟ್ಟಿಲು ಹತ್ತಿದ. ಪೆಟ್ಟಿಗೆಯ ಮೇಲೆ ಗೆಳತಿಯ ಹೆಸರಿತ್ತು, ಗೆಳತಿ ಕೆಲಸಕ್ಕೆ ಹೋಗಿದ್ದಳು. ನನಗೇ ಕೊಡು ಎಂದೆ. ಅವನು ಕೈಯಲ್ಲಿನ ಯಂತ್ರ ನೋಡಿ, ಇಲ್ಲ, ಇದಕ್ಕೆ ‘ವುನ್ಶ್‌ನಾಖ್ಬಾರ್’ ಬೇರೆ ಇದ್ದಾರೆ ಎಂದು ಹತ್ತಿಯೇ ಹೋದ. ನಾವಿಲ್ಲದಾಗ ಪಾರ್ಸೆಲ್ ಯಾರ ಕೈಗೆ ಕೊಡಬೇಕೆಂದು ನಾವೇ ಮೊದಲೇ ಆರಿಸಿ ತಿಳಿಸಿಡುವ ನೆರೆಯವರಿಗೆ ಇಲ್ಲಿ ಹಾಗನ್ನುತ್ತಾರೆ. ಬಯಸಿದ ನೆರೆ. ಮೂರು ಮಹಡಿ ಹತ್ತಿ ಅಟ್ಟಕ್ಕೆ ಹೋಯಿತು ಆ ಪೆಟ್ಟಿಗೆ. ನಾನು ಒಳಗೆ ಬಂದು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

“ನೀನೂ ತರಿಸಬಾರದೇನು,” ಎಂದರು ನಮ್ಮವರು, ನನ್ನ ಮುಖ ನೋಡಿ ನೋಡಿ ಸಾಕಾಗಿ. “ಅವರ ಜೋಡಿ ಯಾಕ, ನಿಂದು ನೀ ತರಿಸು.”

ಆ ಮಾತು ತಲೆಯಲ್ಲಿ ಕೂತಿತು. ನಾನೇ ತರಿಸಬೇಕು, ಗೆಳತಿಗೆ ಇಷ್ಟವಾದದ್ದನ್ನೇ ತರಿಸಬೇಕು. ಅವಳಿಗೆ ಪ್ರಾಣವೆಂದರೆ ಹಿತಕಿದ ಅವರೆಬೇಳೆಯ ಸಾರು. ಇಲ್ಲಿ ಹಸಿ ಅವರೆಕಾಯಿ ಸಿಗುವುದಿಲ್ಲ. ಗುಜರಾತಿನವರು ಲಿಲ್ವಾ ಎಂದು ಹೆಪ್ಪುಗಟ್ಟಿಸಿ ಮಾರುವುದೇ ನಮ್ಮ ಅವರೆಕಾಳು ಎಂದು ಕಂಡುಹಿಡಿದವಳೂ ಅವಳೇ. ಆದರೆ ನಮ್ಮ ಅಂಗಡಿಯಲ್ಲಿ ಅದು ಬಂದರೆ ಬಂತು. ಅಟ್ಟದ ಹುಡುಗಿ ತರಿಸುವ ಕಡೆ ಅದು ಇರಲಿಲ್ಲ, ಅದನ್ನು ನಾನು ಮೊದಲೇ ವಿಚಾರಿಸಿಕೊಂಡಿದ್ದೆ. ಬೇರೊಂದು ಆನ್‌ಲೈನ್ ಅಂಗಡಿಯಲ್ಲಿ ಇತ್ತು.

ಹೈಸ್ಕೂಲಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳಿಗೆ ನನ್ನ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಜರ್ಮನ್ನಿನಲ್ಲಿ ಬರುತ್ತದೆ. ಲಿಲ್ವಾ ಒಂದು ಪೊಟ್ಟಣ ಹಾಕಿದೆವು. ತಂಪುಪೆಟ್ಟಿಗೆಯಲ್ಲಿ ಬರುವುದಕ್ಕೆ ಗಡಿ ಇನ್ನೂ ದೊಡ್ಡದು. ಇನ್ನೆರಡು ಹಾಕಿದೆ. ಸಾಲಲಿಲ್ಲ. ಪರೋಟ ಹಾಕಿದೆ, ನಾವು ಪರೋಟ ತಿನ್ನುವವರಲ್ಲ. ತುರಿದ ಕಾಯಿ ಹಾಕಿದೆ, ಬೈಯುತ್ತಿದ್ದದ್ದು ಅದನ್ನೇ. “ಇನ್ನೂ ಬೇಕು, ಮಮ್ಮಿ,” ಅಂದಳು ಮಗಳು, ತನ್ನ ಜರ್ಮನ್ನಿನಲ್ಲಿ. ಲಿಲ್ವಾದ ರಾಶಿಯನ್ನೇ ಹಾಕಿಬಿಟ್ಟೆ. ಆ ಹೊತ್ತಿನಲ್ಲಿ ನನಗೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂಬ ಯೋಚನೆಯೇ ಇರಲಿಲ್ಲ, ಗಡಿಗೆ ಇನ್ನೆಷ್ಟು ಬಾಕಿ ಎಂದು ಪರದೆಯ ಮೇಲೆ ತೋರಿಸುವ ಹಸಿರು ಗೆರೆ ತುಂಬಿದರೆ ಸಾಕಿತ್ತು. ಸೋಫಾದ ಮೇಲೆ ಕೂತಿದ್ದ ಅವರಿಬ್ಬರು ಕ್ಷಣಕಾಲ ಅರ್ಥವಾದರು. ಹೊಟ್ಟೆಯುರಿ ಅದರಿಂದ ಕಡಿಮೆಯಾಗಲಿಲ್ಲ.

ಕೊನೆಗೆ ಮಗಳು ಏನೋ ಕೇಳಿದಳು, ಪೆಟ್ಟಿಗೆ ಎಲ್ಲಿಡಬೇಕು ಅಂತ. ನಾನು ಒಲೆಯ ಮೇಲಿನ ಹಾಲು ನೋಡುತ್ತಿದ್ದೆ. “ಎಲ್ಲಿ ಇಟ್ರೂ ನಡೀತದವಾ,” ಅಂದೆ.

ಬರುವುದು ಶುಕ್ರವಾರ ಎಂದಾಯಿತು. ಜೂನ್ ತಿಂಗಳು, ಬೆಳಗಿನಿಂದಲೇ ಬಿಸಿಲು. ಫ್ರೀಜರಿನ ಒಂದು ಖಾನೆ ಖಾಲಿ ಮಾಡಿ ಒರೆಸಿಟ್ಟೆ. ಬೀದಿ ಕಡೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತ ಕೂತೆ. ಸ್ನಾನಕ್ಕೆ ಹೋಗಲಿಲ್ಲ, ಬೆಲ್ ಕೇಳಿಸದಿದ್ದರೆ? ಮಿಕ್ಸಿ ಹಾಕಲಿಲ್ಲ. ಹಳದಿ ವ್ಯಾನು ಬಂತು, ಹೋಯಿತು. ಕಂದು ವ್ಯಾನು ಬಂತು, ಹೋಯಿತು. ಸಂಜೆ ಗೆಳತಿ ಕೆಲಸದಿಂದ ಬರುವಾಗ ಬಾಗಿಲಲ್ಲೇ ನಿಲ್ಲಿಸಿ, ಒಳಗೆ ಕರೆದು, ಫ್ರೀಜರ್ ತೆರೆದು ತೋರಿಸಬೇಕು. ಅವಳು ಏನೆನ್ನುತ್ತಾಳೆ, ಆಗ ನಾನು ಏನೆನ್ನಬೇಕು ಎಂಬುದನ್ನೂ ಯೋಚಿಸಿ ಇಟ್ಟುಕೊಂಡಿದ್ದೆ. “ಏನ್ ದೊಡ್ಡ ಮಾತು, ತರಿಸೀನಿ ನೋಡ್ರಿ,” ಅಂತ.

ಮಧ್ಯಾಹ್ನ ಕಳೆದು ಅಜ್ಜಿ ಬೆಲ್ ಒತ್ತಿದಳು. ರಟ್ಟು ಹಾಕಲು ಹಿತ್ತಲಿಗೆ ಹೋಗಿದ್ದಳಂತೆ. ಕಸದ ಡಬ್ಬಿಗಳ ಹಿಂದೆ ನಿನ್ನ ಹೆಸರಿನ ಪೆಟ್ಟಿಗೆ ಇದೆ, ನೀರು ಸೋರುತ್ತಿದೆ, ಇರುವೆ ಬರುತ್ತವೆ ಎಂದು ಬೆರಳೆತ್ತಿ ಹೇಳಿದಳು. ಓಡಿದೆ. ಬೆಳಿಗ್ಗೆಯೇ ಬಂದು ಹೋಗಿದ್ದಾನೆ. ಬೆಲ್ ಒತ್ತದೆ ಹಿತ್ತಲಿನ ಗೇಟಿನಿಂದ ಬಂದು, ಬಿಸಿಲಿಗೆ ಮುಖಮಾಡಿ ಇಟ್ಟು, ಹೇಳಿದ ಜಾಗದಲ್ಲಿ ಇಟ್ಟಿದ್ದೇನೆ ಎಂದು ಮಗಳ ಫೋನಿಗೆ ಫೋಟೋ ಕಳಿಸಿ ಹೋಗಿದ್ದಾನೆ. ಮಗಳ ಫೋನು ಶಾಲೆಯ ಚೀಲದಲ್ಲಿ.

“ಎಲ್ಲಿ ಇಟ್ರೂ ನಡೀತದ ಅಂತ ನೀನೇ ಅಂದಿ, ಅದಕ್ಕ ಹಿತ್ತಲು ಅಂತ ಒತ್ತಿದೆ,” ಎಂದಳು ಮಗಳು, ಮನೆಗೆ ಬಂದ ಮೇಲೆ. ಅವತ್ತು ಮಾತ್ರ ಸ್ವಚ್ಛ ಕನ್ನಡದಲ್ಲಿ ಹೇಳಿದಳು.

ಪರೋಟಗಳು ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿದ್ದವು. ಕಾಯಿತುರಿ ಹುಳಿ ವಾಸನೆ ಹೊಡೆಯುತ್ತಿತ್ತು. ಅವರೆಕಾಳಿನ ಪೊಟ್ಟಣಗಳು ನಡುವೆ ಇದ್ದುದರಿಂದ ಇನ್ನೂ ತಣ್ಣಗಿದ್ದವು. ಹೆಪ್ಪು ಮಾತ್ರ ಬಿಟ್ಟಿತ್ತು. ಮತ್ತೆ ಹೆಪ್ಪುಗಟ್ಟಿಸುವ ಹಾಗಿಲ್ಲ. ಅವತ್ತೇ ಹಿತಕಬೇಕು, ಅವತ್ತೇ ಬೇಯಿಸಬೇಕು, ಅಷ್ಟೊಂದನ್ನು ಒಬ್ಬಳೇ ಹಿತಕಲು ಆಗುವುದಿಲ್ಲ. ಗೆಳತಿ ಕೆಲಸದಿಂದ ಬಂದ ಸದ್ದು ಕೇಳಿದ ಮೇಲೆ ದೊಡ್ಡ ಬೋಗುಣಿಗೆ ಸುರಿದುಕೊಂಡು, ಎದೆಗವಚಿಕೊಂಡು ಮೆಟ್ಟಿಲು ಹತ್ತಿದೆ. ತೋರಿಸಿ ಮೆರೆಯಬೇಕು ಅಂದುಕೊಂಡಿದ್ದವಳು ಬೇಡುವವಳ ಹಾಗೆ ಅವಳ ಬಾಗಿಲಲ್ಲಿ ನಿಂತೆ.

ಗೆಳತಿ ಬೋಗುಣಿ ನೋಡಿ ಬಾಯಿ ಬಿಟ್ಟಳು. “ಅವರೆ! ಇಷ್ಟೊಂದು? ಏನ್ರೀ, ಮದುವೆ ಮನೇನಾ?”

ಆದದ್ದು ಹೇಳಿದೆ. ಅವಳಿಗಾಗಿ ತರಿಸಿದ್ದು ಎಂಬುದೊಂದನ್ನು ಬಿಟ್ಟು.

“ಇರಿ, ಇರಿ, ಕೈ ಜಾಸ್ತಿ ಬೇಕು,” ಎಂದು ಅವಳು ಮೇಲೆ ಮುಖ ಮಾಡಿ ಕೂಗಿದಳು. ಹುಡುಗಿ ಇಳಿದು ಬಂದಳು. ಬೇಡ ಎನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೂವರೂ ಅಡಿಗೆಮನೆಯ ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂತೆವು. ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹಾರುತ್ತದೆ. ಹುಡುಗಿ ಒತ್ತಿದ್ದು ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು.

“ಸಾರಿ ಆಂಟಿ! ಸಾರಿ ಸಾರಿ!”

“ಒಳಗಡೆ ತಿರುಗಿಸಿ ಹಿಡಿಯೇ, ಆಂಟಿಗೆ ಗುರಿ ಇಡಬೇಡ,” ಎಂದು ಗೆಳತಿ ಅವಳ ಬೆರಳು ಹಿಡಿದು ತೋರಿಸಿದಳು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಹೀಗೆ, ಹೀಗೆ, ಇಲ್ಲಿ ಒತ್ತು. ನನಗೆ ಈ ಕೆಲಸ ಅವಳಿಂದಲೇ ಬಂದದ್ದು. ಇದೇ ಅಡಿಗೆಮನೆಯ ಇದೇ ನೆಲದ ಮೇಲೆ ನನ್ನ ಬೆರಳನ್ನೂ ಹೀಗೇ ಹಿಡಿದಿದ್ದಳು. ನಾನು ತಲೆಯೆತ್ತದೆ ಬೇಗ ಬೇಗ ಹಿತಕಿದೆ. ನನ್ನ ಮುಂದಿನ ಗುಡ್ಡೆ ಅವರಿಬ್ಬರ ಗುಡ್ಡೆಗಿಂತ ದೊಡ್ಡದಾಗಬೇಕು ಅನ್ನುವ ಹಟ ಯಾಕೆ ಬಂತೋ.

ಹುಡುಗಿಗೆ ಸುಮ್ಮನೆ ಕೂರಲು ಬರುವುದಿಲ್ಲ. “ಮೊದಲೆಲ್ಲಾ ಸಾಮಾನಿಗೆ ನೀವಿಬ್ರೂ ಟ್ರೇನಲ್ಲಿ ಹೋಗ್ತಿದ್ರಂತೆ? ಎಷ್ಟು ಕಷ್ಟ ಅಲ್ವಾ?” ಎಂದಳು.

ನಾನು “ಕಷ್ಟ ಏನದ,” ಎಂದು ಬಾಯಿ ತೆರೆಯುವಷ್ಟರಲ್ಲಿ ಗೆಳತಿ, “ಅಯ್ಯೋ, ಅದೊಂದು ಕರ್ಮ ಕಣೇ,” ಎಂದಳು. “ವಾರಕ್ಕಿರೋದೇ ಒಂದು ಶನಿವಾರ. ಎದ್ದು ಚೀಲ ಎಳ್ಕೊಂಡು ಓಡ್ಬೇಕು. ವಾಪಸ್ ಬರೋಷ್ಟರಲ್ಲಿ ಭುಜ ಕಳಚಿ ಬೀಳೋದು. ಬೇಕಿತ್ತು, ಹೋಗ್ತಿದ್ವಿ. ನನಗಂತೂ ಒಂದು ದಿನಾನೂ ಇಷ್ಟ ಇರ್ಲಿಲ್ಲ.”

ನನ್ನ ಕೈ ನಿಂತಿತು. ಅವಳು ಹಗುರವಾಗಿ, ನಗುತ್ತಲೇ ಹೇಳಿದ್ದಳು. ಹುಡುಗಿ ನಕ್ಕಳು. ಇಷ್ಟು ವರ್ಷ ನಾನು ಯಾವುದನ್ನು ವಾರವಿಡೀ ಕಾಯುತ್ತಿದ್ದೆನೋ ಅದನ್ನು ಗೆಳತಿ ಹೇಗಾದರೂ ಮುಗಿಸಿದರೆ ಸಾಕೆಂದು ಕಾಯುತ್ತಿದ್ದಳು. ಹಾಗಾದರೆ ಹುಡುಗಿ ನನ್ನಿಂದ ಕಿತ್ತುಕೊಂಡದ್ದು ಏನು? ಮೊದಲಿನಿಂದಲೂ ಬರಿ ಅಕ್ಕಿಯ ಭಾರವೇ ಗೆಳತಿಯನ್ನು ನನ್ನ ಬಾಗಿಲವರೆಗೆ ಇಳಿಸಿಕೊಂಡು ಬರುತ್ತಿತ್ತೇ? ಆ ಭಾರವನ್ನು ಈಗ ಯಾರೋ ವ್ಯಾನಿನವನು ಹೊರುತ್ತಾನೆ. ಅವಳಿಗೆ ಇಳಿಯಲು ಕಾರಣವಿಲ್ಲ.

ಹುಡುಗಿಗೆ ಮೀಟಿಂಗ್ ಇತ್ತು. ಕೈ ತೊಳೆದುಕೊಂಡು, “ಅಕ್ಕಾ, ನನಗೊಂದು ಡಬ್ಬಿ ಸಾರು,” ಎಂದು ಹೇಳಿ ಹತ್ತಿ ಹೋದಳು. ಗೆಳತಿ ಒಲೆ ಹಚ್ಚಿ ಮಸಾಲೆ ಹುರಿಯತೊಡಗಿದಳು. ಗಸಗಸೆ, ಚಕ್ಕೆ, ಲವಂಗದ ಘಮ ಎದ್ದಿತು. ನಾನು ಸಿಪ್ಪೆ ಬಳಿದು ಪೇಪರಿನಲ್ಲಿ ಸುತ್ತುತ್ತ ಅವಳ ಬೆನ್ನಿಗೆ ಕೇಳಿದೆ.

“ಇಷ್ಟ ಇರಲಿಲ್ಲ ಅಂದ್ರ, ನನ್ನ ಜೋಡಿ ಬರೋದೂ ಇಷ್ಟ ಇರಲಿಲ್ಲೇನು?”

ಸೌಟು ನಿಂತಿತು. “ಏನ್ರೀ ಇದು, ಸಾಮಾನು ಹೊರೋದು ಅಂದೆ ನಾನು.”

“ಸಾಮಾನು ಬಿಡ್ರಿ, ಅದು ಬರ್ತದ. ನಾಳೆ ಶನಿವಾರ. ಏನೂ ತರೂದು ಬ್ಯಾಡ. ಸುಮ್ನ ಹೋಗೂಣು, ಬರ್ತೀರೇನು?”

“ಸುಮ್ನೆ? ಎಲ್ಲಿಗೆ?”

ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅಂಗಡಿಗೆ ಬಿಟ್ಟು ಬೇರೆಲ್ಲಿಗೂ ನಾವಿಬ್ಬರೇ ಹೋದದ್ದಿಲ್ಲ. “ಮ್ಯಾಲೆ ದ್ರಾಕ್ಷಿ ತೋಟದ ಕಡೆ,” ಎಂದೆ ಬಾಯಿಗೆ ಬಂದದ್ದು.

“ನೋಡೋಣ,” ಅಂದಳು. ಮಸಾಲೆ ಸೀಯುವುದರಲ್ಲಿತ್ತು, ತಿರುಗಿ ನಿಂತಳು.

ಆ ‘ನೋಡೋಣ’ ಹಿಡಿದುಕೊಂಡು ನಾನು ಕೆಳಗೆ ಬಂದೆ. ನಮ್ಮಲ್ಲಿ ‘ನೋಡೋಣ’ ಅಂದರೆ ಬಹುಮಟ್ಟಿಗೆ ಇಲ್ಲ ಎಂದೇ. ಬೆಳಿಗ್ಗೆ ತಿಂಡಿ ಮಾಡಿದೆ, ತಟ್ಟೆ ತೊಳೆದೆ. ಹೊರಗಿಡಲು ಏನೂ ಇಲ್ಲದ್ದರಿಂದ ಚಪ್ಪಲಿ ಮೆಟ್ಟಿಕೊಂಡು ಬಾಗಿಲಿನ ಒಳಗೇ ನಿಂತೆ. ಬರಿಗೈಯಲ್ಲಿ ಇಳಿಯುವವರ ಹೆಜ್ಜೆ ಕೇಳಿಸುವುದಿಲ್ಲ. ಬೆಲ್ ಆದಾಗ ಬೆಚ್ಚಿಬಿದ್ದೆ.

“ತಲೆಗೆ ಎಣ್ಣೆ ಹಾಕ್ಕೊಳ್ಳೋಣ ಅಂತಿದ್ದೆ ಇವತ್ತು,” ಎಂದಳು. “ನಡೀರಿ, ಬಿಸಿಲೇರೋದ್ರೊಳಗೆ ಬರೋಣ.”

ದ್ರಾಕ್ಷಿ ತೋಟದ ದಾರಿ ಕಡಿದಾದ ಏರು. ಕಾಯಿ ಇನ್ನೂ ಮೆಣಸಿನ ಕಾಳಿನಷ್ಟು. ನಾವು ನಿಂತು ನಿಂತು ಹತ್ತಿದೆವು. ಕೆಳಗೆ ಕಾರ್ಖಾನೆಯ ಚಾವಣಿಗಳು, ರೈಲಿನ ಹಳಿ. ಅವಳು ಮಾತಾಡಿದಳು. ಏನು ಮಾತಾಡಿದಳು ಎಂದರೆ, ದಾರಿಯುದ್ದಕ್ಕೂ ಆ ಹುಡುಗಿಯ ಮಾತು. ಅವಳ ಗಂಡ ಎರಡು ವಾರದಿಂದ ಬಂದಿಲ್ಲ, ಫೋನಿನಲ್ಲಿ ಜಗಳ. ರಾತ್ರಿ ಊಟ ಮಾಡದೆ ಚಿಪ್ಸ್ ತಿಂದು ಮಲಗುತ್ತಾಳೆ. ಆರ್ಡರ್ ನೆಪ ಮಾಡಿಕೊಂಡು ತನ್ನ ಸೋಫಾಕ್ಕೆ ಬಂದು ಕೂರುತ್ತಾಳೆ. “ಪಾಪ ಕಣ್ರೀ, ಎಷ್ಟು ಚೂಟಿ ಹುಡುಗಿ. ನನ್ನ ತಂಗಿ ಥರಾನೇ. ಅವಳು ಇಲ್ದಿದ್ರೆ ನನಗೆ ಹೊತ್ತೇ ಹೋಗಲ್ಲ ಈಗ.”

ಹುಡುಗಿಯ ಕಷ್ಟ ಕೇಳಿ ನನಗೆ ಮರುಕ ಬರಬೇಕಿತ್ತು, ಸ್ವಲ್ಪ ಬಂತು. ಕೊನೆಯ ಮಾತು ಕೇಳಿದ ಕೂಡಲೇ ಆ ಮರುಕವೂ ಹೋಯಿತು. ನಾನು ಮುಂದೆ ಮುಂದೆ ಹತ್ತಿದೆ. ಅವಳು ಹಿಂದಿನಿಂದ ಏದುಸಿರು ಬಿಡುತ್ತ, “ನಿಧಾನ ಕಣ್ರೀ. ಏನಾಯ್ತು ನಿಮಗೆ? ಮುಖ ಯಾಕೆ ಹಾಗೆ?” ಎಂದಳು. ಆಮೇಲೆ ತಮಾಷೆಗೆಂಬಂತೆ, “ಏನು, ಹೊಟ್ಟೆಕಿಚ್ಚಾ?”

“ಹೌದ್ರಿ,” ಎಂದೆ. “ಭಾಳ.”

ಅವಳು ನಗಲು ಹೋಗಿ ನಿಲ್ಲಿಸಿದಳು. ದಾರಿ ಪಕ್ಕದ ಕಲ್ಲು ಕಟ್ಟೆಯ ಮೇಲೆ ಕೂತಳು. ನಾನೂ ಕೂತೆ, ಸ್ವಲ್ಪ ದೂರ ಬಿಟ್ಟು. ನಾಯಿ ಹಿಡಿದುಕೊಂಡು ಒಬ್ಬ ಮುದುಕ ಹತ್ತಿ ಹೋದ. ನಮ್ಮಿಬ್ಬರಿಗೂ ಹಲೋ ಅಂದ, ನಾವೂ ಅಂದೆವು.

“ಅವಳು ಬಂದು ಕೂರ್ತಾಳೆ ಕಣ್ರೀ,” ಎಂದಳು ಗೆಳತಿ. “ನೀವು ಯಾವತ್ತೂ ಸುಮ್ನೆ ಬಂದು ಕೂತಿಲ್ಲ. ಪಾರ್ಸೆಲ್ಲು, ಹಿಟ್ಟು, ರೊಟ್ಟಿ, ಏನಾದ್ರೂ ಇದ್ರೇ ಬರೋದು. ಕೊಡ್ತೀರಿ, ಹೋಗ್ತೀರಿ. ಈಗಂತೂ ಬಂದ್ರೂ ಕಪಾಟೇ ನೋಡ್ತೀರಿ. ನಾನೇನು ಅಂದ್ಕೊಳ್ಲಿ?”

ಅದು ಸುಳ್ಳಲ್ಲ. ಕಾರಣವಿಲ್ಲದೆ ಒಬ್ಬರ ಮನೆಗೆ ಹೋಗಿ ಕೂರಲು ನನಗೆ ಮೊದಲಿನಿಂದಲೂ ಮುಜುಗರ. ಕೈಯಲ್ಲೊಂದು ಡಬ್ಬಿ ಇದ್ದರೆ ಧೈರ್ಯ. ಅವಳಿಗೆ ಅದೇ ಲೆಕ್ಕಾಚಾರದ ಹಾಗೆ ಕಂಡಿದೆ.

“ಮತ್ತ ಇನ್ನ ಮ್ಯಾಲೆ ಬರ್ತೀನಿ,” ಎಂದೆ. “ಬರಿಗೈಲೆ ಬರ್ತೀನಿ. ಆದ್ರ ಅಕಿ ಇದ್ದಾಗ ಅಲ್ಲ.”

ಅವಳಿಗೆ ನಗು ತಡೆಯಲಾಗಲಿಲ್ಲ. “ಅವಳು ಯಾವಾಗ್ಲೂ ಇರ್ತಾಳಲ್ರೀ!”

“ಶನಿವಾರ ಗಂಡ ಬಂದಿರ್ತಾನಲ್ಲ.”

“ಈ ಸಲಾನೂ ಬಂದಿಲ್ಲ ಅಂದೆನಲ್ಲ.” ಸೆರಗಿನಿಂದ ಕಣ್ಣೊರೆಸಿಕೊಂಡಳು, ನಕ್ಕು ನಕ್ಕು. ಆಮೇಲೆ ನನ್ನ ಕಡೆ ಸರಿದು ಕೂತಳು. “ಸರಿ. ಶನಿವಾರ ನಿಮ್ಮದು. ಅವಳಿಗೆ ನಾನು ಹೇಳ್ತೀನಿ. ಆದ್ರೆ ಈ ಬೆಟ್ಟ ಬೇಡಪ್ಪ, ಮಂಡಿ ಹೋಗುತ್ತೆ. ಮುಂದಿನ ವಾರ ಎಲ್ಲಾದ್ರೂ ಸಮ ಇರೋ ಕಡೆ.”

ಆಗಲಿ ಎಂದೆ. ಉಳಿದ ದಿನಗಳಲ್ಲಿ ಅವಳ ಸೋಫಾದ ಮೇಲೆ ಯಾರಿರುತ್ತಾರೆ ಎಂಬುದು ಇಳಿಯುವಾಗಲೂ ನನ್ನ ತಲೆಯಲ್ಲಿ ಇದ್ದೇ ಇತ್ತು. ಅದು ಇಳಿಯುವ ಹಾಗೆ ಕಾಣಲಿಲ್ಲ. ಜಲ್ಲಿಯ ಮೇಲೆ ಅವಳ ಚಪ್ಪಲಿ ಜಾರುತ್ತಿತ್ತು, ಆದ್ದರಿಂದ ನನ್ನ ತೋಳು ಹಿಡಿದುಕೊಂಡೇ ಇಳಿದಳು. ದಾರಿ ಸಮವಾದ ಮೇಲೂ ಬಿಡಲಿಲ್ಲ.